ಆಟಕ್ಕೆ ಮಂಗಳ ಹಾಡುವವರು ಯಾರು?

ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯ ಬಿಜಿಎಂಐ ಆಟ ಹತ್ತು ತಿಂಗಳ ತಡೆಯ ನಂತರ 2023ರ ಮೇ ಕೊನೆಗೆ ಭಾರತದ ಮೊಬೈಲುಗಳಿಗೆ ಮರಳಿತು. ಬರುವಾಗ ಒಂದು ಕಟ್ಟುಪಾಡನ್ನೂ ಹೊತ್ತು ತಂದಿತ್ತು: 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ. ಮಕ್ಕಳ ಮೂರು ಗಂಟೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಮಾತು ಅಲ್ಲಲ್ಲಿ ನಡೆಯಿತು. ದೊಡ್ಡವರ ಆರು ಗಂಟೆಯ ಗೊಡವೆಗೆ ಹೆಚ್ಚಿನವರು ಹೋಗಲಿಲ್ಲ. ಸಕ್ಕರೆ ಕಾರ್ಖಾನೆಯ ಒಂದು ಪಾಳಿ ಎಂಟು ಗಂಟೆ. ಅದಕ್ಕಿಂತ ಎರಡೇ ಗಂಟೆ ಕಡಿಮೆ ಹೊತ್ತನ್ನು ದಿನಾಲೂ ಆಟಕ್ಕೆ ಕೊಟ್ಟರೂ, ಆಟ ಮಾಡಿದವರ ಲೆಕ್ಕದಲ್ಲಿ ಅದು ಮಿತಿಯೊಳಗೇ ಇತ್ತು.

ವಿಡಿಯೊ ಗೇಮ್ ಎಂದ ಕೂಡಲೇ ನಮ್ಮ ಮಾತು ಮಕ್ಕಳ ಕಡೆಗೇ ಹೊರಳುತ್ತದೆ. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಪಿಯುಸಿ ಓದುತ್ತಿದ್ದ ಹುಡುಗ ಈಗ ಇಪ್ಪತ್ತೈದು ದಾಟಿದ್ದಾನೆ. ಅವನಿಗೆ ಮದುವೆಯಾಗಿರಬಹುದು, ಟ್ರ್ಯಾಕ್ಟರಿನ ಕಂತು ಕಟ್ಟುತ್ತಿರಬಹುದು, ಮಗುವಿಗೆ ಜಾವಳ ತೆಗೆಸಿರಬಹುದು. ಆಟ ಮಾತ್ರ ಅವನ ಜೊತೆಗೇ ಬೆಳೆದು ಬಂದಿದೆ. ಮಕ್ಕಳ ಕೈಯಿಂದ ಫೋನ್ ಕಸಿದುಕೊಳ್ಳಲು ಅಪ್ಪ ಇದ್ದಾನೆ. ಅಪ್ಪನೇ ಆಡತೊಡಗಿದರೆ ಕಸಿದುಕೊಳ್ಳುವವರು ಯಾರು? ದೊಡ್ಡವರು ಆಟ ಬಿಡುವುದೆಂದರೆ ತಮ್ಮ ಕೈಯಿಂದ ತಾವೇ ಕಸಿದುಕೊಳ್ಳಬೇಕು. ಅದು ಯಾಕೆ ಕಷ್ಟ, ಹೇಗೆ ಸಾಧ್ಯ ಎಂಬುದನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಬದುಕಿನ ನಡುವೆಯೇ ಇಟ್ಟು ನೋಡಬಹುದು.

ಕಾಯುವ ಹೊತ್ತಿನ ಸಂಗಾತಿ

ಘಟಪ್ರಭೆಯ ಈ ಸೀಮೆಯಲ್ಲಿ ದೊಡ್ಡವರ ದಿನದಲ್ಲಿ ಕಾಯುವುದೇ ಒಂದು ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನಿಂದ ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಟ್ರೇಲರಿನಲ್ಲಿ ಕಬ್ಬು, ಇಂಜಿನ್ ಬಂದ್, ಡ್ರೈವರನ ಕೈಯಲ್ಲಿ ಫೋನ್. ತೂಕದ ಕಾಟಾ ತಲುಪಲು ಕೆಲವೊಮ್ಮೆ ಇಡೀ ರಾತ್ರಿ ಬೇಕು. ಹಂಗಾಮು ಮುಗಿದ ಮೇಲೆ ಇದೇ ಡ್ರೈವರುಗಳಿಗೆ, ಹಂಗಾಮಿ ಕಾರ್ಮಿಕರಿಗೆ ಕೈತುಂಬ ಖಾಲಿ ತಿಂಗಳುಗಳು.

ಹೊಲದ್ದೂ ಇದೇ ಕತೆ. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ತಿನ ವಿಷಯದಲ್ಲಿ ಒಂದು ವಿಶೇಷವಿದೆ. ಇಲ್ಲಿ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಹಂಚುವವರು ಯಾರೇ ಆಗಿರಲಿ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿ ಬಿದ್ದರೆ ರೈತ ಹೊಲದ ಶೆಡ್ಡಿನಲ್ಲೇ ಮಲಗಬೇಕು. ಹಿಂದೆ ಆ ಹೊತ್ತಿಗೆ ರೇಡಿಯೊ ಇತ್ತು, ಪಕ್ಕದ ಹೊಲದವನ ಜೊತೆ ಹರಟೆ ಇತ್ತು. ಈಗ ಮೋಟಾರು ಶುರುವಾಗುವ ತನಕ ಎರಡು ಮ್ಯಾಚ್ ಆಡಿ ಮುಗಿಸಬಹುದು. ಶುರುವಾದ ಮೇಲೆ ನೀರು ಬದುವಿಗೆ ಬರುವ ತನಕ ಇನ್ನೊಂದು.

ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲಿಯೇ ನೂಲಿನ ಗಿರಣಿ ಶುರುವಾದ ಸೀಮೆ ಇದು. ಪಾಳಿಯ ಬದುಕು ಇಲ್ಲಿನವರಿಗೆ ಹೊಸದಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವನಿಗೆ ಮಾತಾಡಲು ಗೆಳೆಯರು ಸಿಗುವುದಿಲ್ಲ, ಎಲ್ಲರೂ ಅವರವರ ಕೆಲಸದ ಮೇಲೆ ಹೋಗಿರುತ್ತಾರೆ. ಆನ್‌ಲೈನ್ ಆಟದಲ್ಲಿ ಮಾತ್ರ ಯಾವ ಹೊತ್ತಿನಲ್ಲೂ ನೂರು ಜನ ಸಿದ್ಧ. ಊರೂರುಗಳಲ್ಲಿ ಕೋಣೆ ಬಾಡಿಗೆ ಹಿಡಿದು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರದ್ದು ಇನ್ನೊಂದು ಬಗೆ. ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದರೂ ಪರೀಕ್ಷೆ ಯಾವಾಗ ಎಂಬುದು ಗೊತ್ತಿಲ್ಲ, ಪರೀಕ್ಷೆ ಆದರೂ ಫಲಿತಾಂಶ ಯಾವಾಗ ಎಂಬುದು ಗೊತ್ತಿಲ್ಲ. ಆಟದ ಫಲಿತಾಂಶವೋ ಅರ್ಧ ಗಂಟೆಯಲ್ಲಿ ಕೈಯಲ್ಲಿರುತ್ತದೆ.

ಹಾಗಾಗಿ ದೊಡ್ಡವರ ಆಟವನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕಿದರೆ ವಿಷಯ ಕೈತಪ್ಪುತ್ತದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ರಯಾನ್ ಮತ್ತು ಸಂಗಡಿಗರು 2006ರಲ್ಲಿ ವಿಡಿಯೊ ಗೇಮ್‌ಗಳ ಸೆಳೆತದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯನಿಗೆ ಮೂರು ಹಸಿವುಗಳಿವೆ: ತನಗೆ ಏನೋ ಬರುತ್ತದೆ ಎಂಬ ಭರವಸೆ, ತನ್ನ ಇಚ್ಛೆಯಂತೆ ನಡೆಯುವ ಸ್ವಾತಂತ್ರ್ಯ, ನಾಲ್ಕು ಜನರ ಒಡನಾಟ. ಆಟ ಈ ಮೂರನ್ನೂ ತಣಿಸುತ್ತದೆ, ಆದ್ದರಿಂದಲೇ ಜನ ಮರಳಿ ಮರಳಿ ಆಡುತ್ತಾರೆ ಎಂಬುದು ಅವರ ನಿಲುವು. ಕಬ್ಬಿನ ಬಿಲ್ಲು ತನ್ನ ಕೈಯಲ್ಲಿಲ್ಲದ, ಕರೆಂಟಿನ ಪಾಳಿ ತನ್ನ ಕೈಯಲ್ಲಿಲ್ಲದ, ನೌಕರಿಯ ಪಟ್ಟಿ ತನ್ನ ಕೈಯಲ್ಲಿಲ್ಲದ ಮನುಷ್ಯನಿಗೆ ಆಟದಲ್ಲಿ ಪ್ಯಾರಾಚೂಟಿನಿಂದ ಎಲ್ಲಿ ಇಳಿಯಬೇಕೆಂಬುದಾದರೂ ತನ್ನ ಕೈಯಲ್ಲಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡರೆ ಬಿಡುವ ದಾರಿಯೂ ಸಿಗುತ್ತದೆ.

ಮುಗಿಯುತ್ತಿದ್ದ ಆಟಗಳು

ರಾತ್ರಿಯಿಡೀ ನಿದ್ದೆಗೆಡಿಸುವ ಆಟ ಈ ಸೀಮೆಗೆ ಮೊಬೈಲಿನಿಂದ ಬಂದದ್ದೇನಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಕೌಜಲಗಿ ನಿಂಗಮ್ಮನ ಪಾರಿಜಾತ ನೋಡಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವಿತ್ತು. ಭಾಮೆಯ ಸಿಟ್ಟು, ನಾರದನ ಚಾಡಿ, ಕೊರವಂಜಿಯ ಕಣಿ, ಹೀಗೆ ಕತೆ ಬೆಳೆದು ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡಿ ಆಟ ಮುಗಿಸುತ್ತಿದ್ದರು. ನೋಡಿದವರು ಚಾಪೆ ಜಾಡಿಸಿಕೊಂಡು ಮನೆಗೆ ಹೋಗಿ, ಮಧ್ಯಾಹ್ನದ ತನಕ ತೂಕಡಿಸಿದರೂ, ಮರುದಿನ ರಾತ್ರಿ ಮತ್ತೆ ಅದೇ ಅಟ್ಟದ ಮುಂದೆ ಕೂರುತ್ತಿರಲಿಲ್ಲ. ಮೇಳ ಮುಂದಿನ ಊರಿಗೆ ಹೋಗಿರುತ್ತಿತ್ತು.

ಹಳೆಯ ವಿಡಿಯೊ ಗೇಮ್‌ಗಳಿಗೂ ಇಂಥ ಒಂದು ಕೊನೆ ಇತ್ತು. 1978ರ ಸ್ಪೇಸ್ ಇನ್‌ವೇಡರ್ಸ್, 1980ರ ಪ್ಯಾಕ್‌ಮನ್ ಯಂತ್ರಗಳಿಗೆ ನಾಣ್ಯ ಹಾಕಬೇಕಿತ್ತು. ಬೇಗ ಸೋಲಿಸಿದರೆ ಇನ್ನೊಂದು ನಾಣ್ಯ ಬೀಳುತ್ತದೆ ಎಂಬುದು ಆ ವ್ಯಾಪಾರದ ಗುಟ್ಟು. ಆದರೆ ಜೇಬು ಖಾಲಿಯಾದಾಗ ಆಟವೂ ಮುಗಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಟಿವಿಗೆ ವೈರ್ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡಿದವರಿಗೆ ಮಾರಿಯೊ, ಕಾಂಟ್ರಾ ನೆನಪಿರಬೇಕು. 1985ರಲ್ಲಿ ಬಂದ ಸೂಪರ್ ಮಾರಿಯೊದಲ್ಲಿ ಎಂಟು ಲೋಕ ದಾಟಿದರೆ ರಾಜಕುಮಾರಿ ಸಿಗುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು. ಅಣ್ಣ ಮುಗಿಸಿದ, ಇನ್ನು ತಮ್ಮನ ಪಾಳಿ.

2009ರಲ್ಲಿ ಜಿಂಗಾ ಕಂಪನಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಎಂಬ ಒಕ್ಕಲುತನದ ಆಟ ತಂದಾಗ ಈ ಲೆಕ್ಕ ತಲೆಕೆಳಗಾಯಿತು. ಆಡಲು ದುಡ್ಡು ಬೇಡ. ಬಿತ್ತಿದ ಬೆಳೆ ಇಷ್ಟು ಗಂಟೆಗೆ ಕೊಯ್ಲಿಗೆ ಬರುತ್ತದೆ. ಆ ಹೊತ್ತಿಗೆ ಬಂದು ಕೊಯ್ಯದಿದ್ದರೆ ಬಾಡಿಹೋಗುತ್ತದೆ. ನಮ್ಮ ಹೊಲದ ಕಬ್ಬು ಒಂದು ವರ್ಷ ತಾಳ್ಮೆಯಿಂದ ನಿಲ್ಲುತ್ತದೆ, ಒಂದು ದಿನ ತಡವಾಗಿ ಹೋದರೆ ಬೇಸರ ಮಾಡಿಕೊಳ್ಳುವುದಿಲ್ಲ. ಫೇಸ್‌ಬುಕ್ಕಿನ ಬೆಳೆಗೆ ಆ ತಾಳ್ಮೆ ಇರಲಿಲ್ಲ. ಜನ ಮದುವೆಮನೆಯಿಂದ, ಆಫೀಸಿನಿಂದ, ನಡುರಾತ್ರಿ ಅಲಾರಾಂ ಇಟ್ಟುಕೊಂಡು ಎದ್ದು ಬಂದು ಕೊಯ್ಯುತ್ತಿದ್ದರು. ಕೊನೆಗೆ 2020ರ ಡಿಸೆಂಬರ್ 31ರಂದು ಕಂಪನಿ ಆ ಆಟವನ್ನೇ ಮುಚ್ಚಿತು. ಹನ್ನೊಂದು ವರ್ಷ ಸಾಕಿದ ಹೊಲಗಳೆಲ್ಲ ಒಂದೇ ದಿನಕ್ಕೆ ಮಾಯವಾದವು. ಆಟದೊಳಗಿನ ಆಸ್ತಿಗೆ ಉತಾರ ಇರುವುದಿಲ್ಲ ಎಂಬುದು ಎಷ್ಟೋ ಜನರಿಗೆ ಅವತ್ತು ಮನದಟ್ಟಾಯಿತು.

ಈಗಿನ ಆಟಗಳು ಫಾರ್ಮ್‌ವಿಲ್ಲಿನ ಮಕ್ಕಳು. ಒಂದು ಮ್ಯಾಚ್ ಮುಗಿಯುತ್ತದೆ, ಆಟ ಮುಗಿಯುವುದಿಲ್ಲ. ದಿನದ ಮಿಷನ್ ಇದೆ, ವಾರದ ಮಿಷನ್ ಇದೆ. ಒಂದೆರಡು ತಿಂಗಳಿಗೊಂದು ಸೀಸನ್ ಬದಲಾಗುತ್ತದೆ. ಬದಲಾದ ದಿನ ಕಷ್ಟಪಟ್ಟು ಏರಿದ ಮೆಟ್ಟಿಲುಗಳಿಂದ ನಾಲ್ಕಾರು ಮೆಟ್ಟಿಲು ಕೆಳಗಿಳಿಸಿ, ‘ಮತ್ತೆ ಹತ್ತು’ ಎನ್ನುತ್ತದೆ.

‘ನಾಕ ಮಂದಿ ಅಷ್ಟ ಉಳದಾರ’

ಬಿಜಿಎಂಐನ ಒಂದು ಮ್ಯಾಚನ್ನು ಹತ್ತಿರದಿಂದ ನೋಡೋಣ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ. ಆ ದ್ವೀಪದ ಪೋಚಿಂಕಿ ಎಂಬ ಊರಿನ ಪ್ರತಿ ಮನೆಯ ಮಹಡಿ, ಕಿಟಕಿ ಗೊತ್ತಿರುವ ಹುಡುಗರು ಗೋಕಾಕದಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಬಂದೂಕು, ಹೆಲ್ಮೆಟ್, ಬ್ಯಾಂಡೇಜು ಹೆಕ್ಕಿಕೊಳ್ಳಲು ಮೊದಲ ಐದು ನಿಮಿಷ. ಅಷ್ಟರಲ್ಲಿ ನಕ್ಷೆಯ ಮೇಲೆ ಒಂದು ವೃತ್ತ ಬೀಳುತ್ತದೆ, ಅದರ ಹೊರಗೇ ಉಳಿದವರು ಸಾಯುತ್ತಾರೆ. ವೃತ್ತ ಸಣ್ಣದಾಗುತ್ತ ಹೋಗುತ್ತದೆ. ಇಪ್ಪತ್ತೈದನೆಯ ನಿಮಿಷದ ಸುಮಾರಿಗೆ ಒಂದು ಹುಲ್ಲುಗಾವಲಿನಷ್ಟು ಜಾಗದಲ್ಲಿ ಕೆಲವೇ ಜನ ಉಳಿದಿರುತ್ತಾರೆ. ಇಂಥ ಹೊತ್ತಿಗೇ ಒಳಮನೆಯಿಂದ ಕೂಗು ಬರುತ್ತದೆ.

“ಏನ್ರೀ, ಕೂಸು ಅಳಾಕತ್ತೈತಿ, ಸ್ವಲ್ಪ ಎತ್ಕೋರಿ.”

“ಎರಡ ನಿಮಿಷ ತಡಿ, ಇನ್ನ ನಾಕ ಮಂದಿ ಅಷ್ಟ ಉಳದಾರ.”

ಅವನು ಸುಳ್ಳು ಹೇಳುತ್ತಿಲ್ಲ. ಈಗ ಎದ್ದರೆ ಅರ್ಧ ಗಂಟೆಯ ದುಡಿಮೆ ಹೋಯಿತು, ಜೊತೆಗಿರುವ ಮೂವರು ಗೆಳೆಯರಿಗೆ ನಡುನೀರಿನಲ್ಲಿ ಕೈ ಕೊಟ್ಟಂತಾಯಿತು, ರ‍್ಯಾಂಕಿನ ಅಂಕವೂ ಇಳಿಯಿತು. ನಡುವೆ ನಿಲ್ಲಿಸಿ ಬರುವ ಗುಂಡಿ ಹಳೆಯ ವಿಡಿಯೊ ಗೇಮ್‌ಗಳಲ್ಲಿ ಇತ್ತು. ಆನ್‌ಲೈನ್ ಆಟದಲ್ಲಿ ಇಲ್ಲ. ಮನೆಯವರಿಗೆ ಕಾಣುವುದು ಫೋನ್ ಹಿಡಿದು ಕೂತ ಗಂಡ. ಅವನಿಗೆ ತಾನೊಂದು ಕೆಲಸದ ಮೇಲೆ ಇದ್ದೇನೆ ಎನಿಸುತ್ತಿರುತ್ತದೆ. ಜಗಳ ಹುಟ್ಟುವುದು ಇಲ್ಲಿ.

ಗೆಲುವಿನ ಹಿಂದೆಯೂ ಲೆಕ್ಕಾಚಾರವಿದೆ. ಹೊಸಬರು ಆಡುವ ಕೆಳಗಿನ ಹಂತಗಳಲ್ಲಿ ಎದುರಾಳಿಗಳ ನಡುವೆ ಕಂಪ್ಯೂಟರೇ ನಡೆಸುವ ಬೊಂಬೆಗಳೂ ಇರುತ್ತವೆ. ಬೇಗ ಕೈಗೆ ಸಿಕ್ಕು ಸಾಯುವುದೇ ಅವುಗಳ ಕೆಲಸ. ಮೊದಲ ಗೆಲುವು ಬೇಗ ಸಿಕ್ಕರೆ ಆಡುವವನು ಉಳಿಯುತ್ತಾನೆ. ಆಮೇಲೆ ಪೆಟ್ಟಿಗೆಗಳು ಬರುತ್ತವೆ. ತೆರೆದರೆ ಒಮ್ಮೆ ಹಳೆ ಅಂಗಿ, ಒಮ್ಮೆ ಬಂಗಾರದ ಬಣ್ಣದ ಬಂದೂಕು, ಬಹಳ ಸಲ ಏನೂ ಇಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಿಂದ ಇದು ಹಿಂದೆಯೇ ತಿಳಿದಿತ್ತು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಕೂಡಲೇ ಪಾರಿವಾಳ ಕುಕ್ಕುವುದನ್ನೂ ನಿಲ್ಲಿಸುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದಂತೆ ಮಾಡಿದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಇಂಥ ಪೆಟ್ಟಿಗೆಗಳನ್ನು ದುಡ್ಡಿಗೆ ಮಾರುವುದು ಜೂಜು ಎಂದು ಬೆಲ್ಜಿಯಂ 2018ರಲ್ಲಿಯೇ ಹೇಳಿತು.

ಖರ್ಚು ಮಾಡುವಾಗ ಕಣ್ಣಿಗೆ ರೂಪಾಯಿ ಕಾಣುವುದೂ ಇಲ್ಲ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯ, ಅಂದರೆ ಯುಸಿ ಕೊಳ್ಳಬೇಕು. ಆಮೇಲೆ ಯುಸಿ ಕೊಟ್ಟು ಅಂಗಿ, ಬಂದೂಕಿನ ಬಣ್ಣ. ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವನು ಇಲ್ಲಿ ನೂರಾರು ಯುಸಿ ಹಾಕಿ ಸುಮ್ಮನಿರುತ್ತಾನೆ, ಯಾಕೆಂದರೆ ಅದು ದುಡ್ಡಿನಂತೆ ಕಾಣುವುದೇ ಇಲ್ಲ.

ಹೀಗೆ ದುಡ್ಡು, ಹೊತ್ತು ಎರಡೂ ಹಾಕಿದ ಮೇಲೆ ಬಿಡುವುದು ಇನ್ನೂ ಕಷ್ಟ. ಅಮೆರಿಕದ ಓಹಿಯೊ ವಿಶ್ವವಿದ್ಯಾಲಯದ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಟಕದ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಗೆ ಕೊಟ್ಟು ನೋಡಿದ್ದರು. ಪೂರ್ತಿ ಬೆಲೆ ತೆತ್ತವರು ಹೆಚ್ಚು ನಾಟಕಗಳಿಗೆ ಬಂದರು. ನಾಟಕ ಅದೇ, ನಟರು ಅವರೇ. ‘ಇಷ್ಟು ಕೊಟ್ಟಿದ್ದೇನೆ’ ಎಂಬ ಭಾವನೆಯೊಂದೇ ಅವರನ್ನು ಎಳೆದು ತಂದದ್ದು. ಆರು ವರ್ಷದ ಹಳೆಯ ಐಡಿ, ಅದರಲ್ಲಿ ಸಾವಿರಾರು ರೂಪಾಯಿಯ ಅಂಗಿಗಳು, ಹೇಗೆ ಬಿಡಲಿ ಎನ್ನುವವನ ಸಂಕಟವೂ ಇದೇ. ಹೋದ ದುಡ್ಡು ಆಡಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಆಡಿದರೆ ಇನ್ನಷ್ಟು ಹೋಗುತ್ತದೆ, ಅಷ್ಟೇ.

ಸರ್ಕಾರ ನಿಲ್ಲಿಸಿದರೂ ನಿಲ್ಲಲಿಲ್ಲ

2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಸಮೀಪದ ಕಾಕತಿಯಲ್ಲಿ, ಪಬ್‌ಜಿ ಆಡುವುದನ್ನು ತಡೆದರೆಂದು ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ತಂದೆಯನ್ನೇ ಕೊಂದ ಸುದ್ದಿ ದೇಶದ ತುಂಬ ಹರಡಿತು. ಜಿಲ್ಲೆಯ ಮನೆಮನೆಯಲ್ಲಿ ಆಟ ಎಂದರೆ ದಿಗಿಲು ಹುಟ್ಟಿಸಿದ ಘಟನೆ ಅದು. ಅಂಥ ಕೃತ್ಯದ ಹೊಣೆಯನ್ನೆಲ್ಲ ಒಂದು ಆಟದ ತಲೆಗೆ ಕಟ್ಟುವುದು ಸರಿಯಲ್ಲ. ಆಡುವ ಕೋಟಿಗಟ್ಟಲೆ ಜನ ಯಾರ ಮೇಲೂ ಕೈ ಮಾಡಿದವರಲ್ಲ. ಆದರೆ ಮನೆಯವರ ಮಾತು ಕಿವಿಗೆ ಬೀಳದಷ್ಟು ದೂರ ಹೋದವನ ನೆರವಿಗೆ ಬೈಗುಳ, ಕಸಿದುಕೊಳ್ಳುವಿಕೆ ಸಾಲುವುದಿಲ್ಲ ಎಂಬುದನ್ನು ಕಾಕತಿ ಕಲಿಸಬೇಕಿತ್ತು.

ಮರುವರ್ಷ ಸರ್ಕಾರವೇ ಕಸಿದುಕೊಂಡಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳ ಮೇಲೆ ಕೇಂದ್ರ ನಿಷೇಧ ಹಾಕಿತು. ಅಕ್ಟೋಬರ್ 30ಕ್ಕೆ ಸರ್ವರ್ ಬಂದಾಯಿತು. ಕಾರಣ ದೇಶದ ಭದ್ರತೆ ಮತ್ತು ಮಾಹಿತಿ ಸುರಕ್ಷೆ, ಆಡುವವರ ಆರೋಗ್ಯ ಅಲ್ಲ. ಒಂದೇ ದಿನ ಇಡೀ ದೇಶಕ್ಕೆ ಆಟ ಬಿಡಿಸಿದಂತಾಯಿತು. ಬಿಟ್ಟವರು ಎಷ್ಟು? ಫ್ರೀ ಫೈರ್ ಕಡೆಗೆ ಕೆಲವರು, ಕಾಲ್ ಆಫ್ ಡ್ಯೂಟಿ ಕಡೆಗೆ ಕೆಲವರು ಹೋದರು. 2021ರ ಜುಲೈ 2ರಂದು ಬಿಜಿಎಂಐ ಎಂಬ ಹೆಸರಿನಲ್ಲಿ ಪಬ್‌ಜಿಯೇ ಬಂದಾಗ ಮರಳಿದರು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್, ಜುಲೈಯಲ್ಲಿ ಬಿಜಿಎಂಐ ಮತ್ತೆ ಮಾಯವಾದವು. ಜನ ಮತ್ತೊಂದನ್ನು ಹುಡುಕಿಕೊಂಡರು. ಹೊರಗಿನವರು ಬಾಗಿಲು ಹಾಕಿದರೆ ಆಡುವವನು ಪಕ್ಕದ ಬಾಗಿಲು ತಟ್ಟುತ್ತಾನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳದ್ದು ಬೇರೆ ದಾರಿ. ಅಲ್ಲಿ ಕಳೆದುಕೊಳ್ಳುವುದು ಹೊತ್ತನ್ನಷ್ಟೇ ಅಲ್ಲ, ಮನೆಯನ್ನೂ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ತಡೆಯಲು ಹೋಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಹಣ ಕಟ್ಟದ ಸಾಮಾನ್ಯ ವಿಡಿಯೊ ಗೇಮ್‌ಗಳನ್ನು ಈ ಕಾಯ್ದೆ ನಿಷೇಧಿಸುವುದಿಲ್ಲ. ಅಲ್ಲಿ ತೀರ್ಮಾನ ಆಡುವವನದೇ.

ಎಲ್ಲರೂ ಬಿಡಬೇಕೆ?

ಬೇಡ. ದುಡಿದು ದಣಿದು ಬಂದು ಅರ್ಧ ಗಂಟೆ ಆಡಿ ಮಲಗುವವನಿಗೆ ಆಟ ಮನರಂಜನೆ. ವಿಶ್ವ ಆರೋಗ್ಯ ಸಂಸ್ಥೆಯೂ ಆಡುವವರಲ್ಲಿ ಸಣ್ಣ ಪಾಲಿಗೆ ಮಾತ್ರ ಇದು ರೋಗ ಎನ್ನುತ್ತದೆ. ಸಂಸ್ಥೆ 2019ರ ಮೇ ತಿಂಗಳಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅನ್ನು ರೋಗಗಳ ಪಟ್ಟಿಗೆ ಸೇರಿಸಿತು, 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಲಕ್ಷಣ ಮೂರು: ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ತಪ್ಪುವುದು, ಊಟ, ಕೆಲಸ, ಸಂಸಾರಕ್ಕಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಇವು 12 ತಿಂಗಳಾದರೂ ಕಂಡು, ಬದುಕಿಗೆ ದೊಡ್ಡ ಪೆಟ್ಟು ಕೊಟ್ಟಿದ್ದರೆ ವೈದ್ಯರು ಹಾಗೆ ಹೆಸರಿಡುತ್ತಾರೆ. ಗಂಟೆಗಳ ಲೆಕ್ಕ ಇದರಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು.

ರೋಗವೂ ಅಲ್ಲದ, ಬರೀ ಮನರಂಜನೆಯೂ ಅಲ್ಲದ ನಡುವಿನ ಜಾಗದಲ್ಲಿರುವವರೂ ಇದ್ದಾರೆ. ಆಡಿ ಎದ್ದ ಮೇಲೆ ಹಗುರವೆನಿಸುವುದಿಲ್ಲ, ಆಡದಿದ್ದರೆ ಏನೋ ಬಾಕಿ ಉಳಿದಂತೆ ಇರುತ್ತದೆ. ಇಂಥವರು ತಮ್ಮನ್ನು ತಾವು ಕೇಳಿಕೊಳ್ಳಲು ಮೂರು ಸರಳ ಪ್ರಶ್ನೆಗಳು ಸಾಕು. ಇವತ್ತು ಮನಸ್ಸಿಗೆ ಬಂದು ಆಡಿದೆನೋ, ಮಿಷನ್ ತಪ್ಪುತ್ತದೆಂದು ಆಡಿದೆನೋ? ಎಷ್ಟು ಹೊತ್ತು ಆಡಿದೆ ಎಂಬುದನ್ನು ಹೆಂಡತಿಗೆ ಸರಿಯಾಗಿ ಹೇಳುತ್ತೇನೆಯೇ? ಈ ಆಟ ನಾಳೆ ಬಂದಾದರೆ ದುಃಖವಾಗುತ್ತದೆಯೋ, ಬಿಡುಗಡೆಯಾದಂತೆ ಅನಿಸುತ್ತದೆಯೋ? ಕೊನೆಯ ಪ್ರಶ್ನೆಗೆ ‘ಬಿಡುಗಡೆ’ ಎಂಬ ಉತ್ತರ ಬಂದವರು ಬೇರೆಯವರು ಬಂದು ಬಂದ್ ಮಾಡಲಿ ಎಂದು ಕಾಯುವುದು ಬೇಡ.

ಬಿಡುವ ಬಗೆ

ಸಿಟ್ಟಿನಲ್ಲಿ ಡಿಲೀಟ್ ಮಾಡಿದವರು ಎಷ್ಟೋ ಸಲ ಮತ್ತೆ ಹಾಕಿಕೊಳ್ಳುತ್ತಾರೆ. ಫೋನಿನಿಂದ ಆ್ಯಪ್ ಹೋದರೂ ಐಡಿ ಕಂಪನಿಯ ಸರ್ವರಿನಲ್ಲಿ ಹಾಗೇ ಇರುತ್ತದೆ. ತಿಂಗಳು ಬಿಟ್ಟು ಬಂದವರಿಗೆ ‘ಮರಳಿ ಸ್ವಾಗತ’ ಎಂದು ಕಾಣಿಕೆ ಕೊಡುವ ಏರ್ಪಾಡು ಎಷ್ಟೋ ಆಟಗಳಲ್ಲಿದೆ. ಆದ್ದರಿಂದ ಬಿಡುವ ದಿನವನ್ನು ತಣ್ಣಗೆ ಕೂತು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಸೀಸನ್ ಮುಗಿಯುವ ದಿನ ಅದಕ್ಕೆ ತಕ್ಕದ್ದು. ಅವತ್ತು ಹೇಗಿದ್ದರೂ ರ‍್ಯಾಂಕ್ ಇಳಿಯುತ್ತದೆ, ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಜೊತೆಗೆ ಆಡುವ ಗೆಳೆಯರಿಗೆ ಮೊದಲೇ ಹೇಳಿಬಿಡಬೇಕು. ಹೇಳದೆ ಬಿಟ್ಟರೆ ರಾತ್ರಿ ಹತ್ತಕ್ಕೆ “ಬಾರಲೇ, ಒಬ್ಬಂವ ಕಡಿಮಿ ಬಿದ್ದಾನ” ಎಂಬ ಫೋನ್ ಬರುವುದು ಖಾತ್ರಿ.

ಆಮೇಲಿನ ಕೆಲಸ ಐಡಿಯದು. ಆಟದ ಸೆಟ್ಟಿಂಗ್ಸಿನಲ್ಲಿ ಖಾತೆಯನ್ನೇ ಅಳಿಸುವ ದಾರಿ ಇದ್ದರೆ ಅದನ್ನು ಬಳಸಬೇಕು. ಐಡಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳೋಣ ಎಂದು ಹೊರಡುವವರಿದ್ದಾರೆ. ಕಂಪನಿಗಳ ನಿಯಮ ಅದಕ್ಕೆ ಒಪ್ಪುವುದಿಲ್ಲ, ಮೋಸ ಹೋಗುವ ದಾರಿಯೂ ಅದೇ. ಯುಪಿಐ ಮತ್ತು ಕಾರ್ಡನ್ನು ಪ್ಲೇ ಸ್ಟೋರಿನಿಂದ ತೆಗೆದುಹಾಕಬೇಕು. ಪ್ಲೇ ಸ್ಟೋರಿನಲ್ಲಿ ಇಲ್ಲಿಯವರೆಗಿನ ಖರೀದಿಯ ಪಟ್ಟಿಯೂ ಸಿಗುತ್ತದೆ. ಅದನ್ನು ಒಮ್ಮೆ ಕೂಡಿಸಿ ನೋಡಿದರೆ ಯುಸಿಯ ಪರದೆ ಸರಿದು ರೂಪಾಯಿ ಕಾಣುತ್ತದೆ. ಪೂರ್ತಿ ಬಿಡದೆ ಕಡಿಮೆ ಮಾಡಲು ಬಯಸುವವರು ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್‌ಗೆ ಸಮಯದ ಮಿತಿ ಹಾಕಬಹುದು. ಆದರೆ ಕೀಲಿಕೈ ನಮ್ಮ ಕೈಯಲ್ಲೇ ಇರುವ ಬೀಗ ಅದು. ಮಿತಿಯನ್ನು ದಿನಾ ದಾಟುತ್ತಿದ್ದರೆ ಪೂರ್ತಿ ಬಿಡುವುದೇ ಸುಲಭ.

ಮೊದಲ ಕೆಲವು ದಿನ ಸಿಡುಕು, ಚಡಪಡಿಕೆ, ನಿದ್ದೆ ಬಾರದಿರುವುದು ಹಲವರಿಗೆ ಆಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಪಟ್ಟಿ ಮಾಡಿದ ಆಟದ ಗೀಳಿನ ಒಂಬತ್ತು ಲಕ್ಷಣಗಳಲ್ಲಿ ಇಂಥ ಕಿರಿಕಿರಿಯೂ ಒಂದು. ಇದು ಬರುತ್ತದೆ, ಹೋಗುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ, ಖಾಲಿಯಾದ ಹೊತ್ತಿಗೆ ಏನು ಹಾಕುವುದು ಎಂಬುದು. ಇಲ್ಲಿ ಆ ಮೂರು ಹಸಿವುಗಳ ಮಾತು ಕೆಲಸಕ್ಕೆ ಬರುತ್ತದೆ. ಒಡನಾಟಕ್ಕಾಗಿ ಆಡುತ್ತಿದ್ದವನಿಗೆ ಒಬ್ಬನೇ ಕೂತು ಪುಸ್ತಕ ಓದು ಎಂದರೆ ಹಿಡಿಸುವುದಿಲ್ಲ. ಅವನಿಗೆ ಸಂಜೆಯ ವಾಲಿಬಾಲ್, ಕಬಡ್ಡಿ, ಭಜನಾ ಮೇಳ, ಗರಡಿಮನೆ ಬೇಕು. ಜೊತೆಗೆ ಆಡುತ್ತಿದ್ದ ನಾಲ್ವರೇ ಒಟ್ಟಿಗೆ ಬಿಟ್ಟು ಒಟ್ಟಿಗೆ ಅಂಕಣಕ್ಕೆ ಇಳಿದರೆ ಇನ್ನೂ ಚೆನ್ನ. ಕೈಚಳಕ ತೋರಿಸಲು ಆಡುತ್ತಿದ್ದವನಿಗೆ ಕಲಿಯಲು ಏನಾದರೂ ಬೇಕು. ಮೋಟಾರ್ ರಿವೈಂಡಿಂಗ್ ಆಗಬಹುದು, ಡ್ರೋನಿನಿಂದ ಔಷಧಿ ಸಿಂಪಡಿಸುವುದಾಗಬಹುದು, ಹಲಗೆ, ಸಂಬಾಳ ಬಾರಿಸುವುದೂ ಆಗಬಹುದು. ದಿನದ ಕಿರಿಕಿರಿಯಿಂದ ತಪ್ಪಿಸಿಕೊಳ್ಳಲು ಆಡುತ್ತಿದ್ದವನು ಮೊದಲು ಆ ಕಿರಿಕಿರಿ ಯಾವುದು ಎಂದು ನೋಡಬೇಕು. ಸಾಲವಿದ್ದರೆ ಆಟ ಬಿಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ.

ಆಟ ಮಾಡಿದವನೇ ಆಟ ನಿಲ್ಲಿಸಿದ ಒಂದು ನಿದರ್ಶನವೂ ಇದೆ. ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನ್ಗುಯೆನ್ ಮಾಡಿದ ಫ್ಲ್ಯಾಪಿ ಬರ್ಡ್ 2014ರ ಆರಂಭದಲ್ಲಿ ಜಗತ್ತಿನ ಆ್ಯಪ್ ಪಟ್ಟಿಗಳ ತುದಿಯಲ್ಲಿತ್ತು. ಜಾಹೀರಾತಿನಿಂದ ದಿನಕ್ಕೆ 50 ಸಾವಿರ ಡಾಲರ್ ಬರುತ್ತಿದೆ ಎಂದು ಆಗ ವರದಿಯಾಗಿತ್ತು. ಅದೇ ಫೆಬ್ರುವರಿಯಲ್ಲಿ ಅವನು ಆಟವನ್ನು ತೆಗೆದುಹಾಕಿದ. ನಾಲ್ಕು ನಿಮಿಷ ಹಗುರಾಗಲೆಂದು ಮಾಡಿದ್ದು ಜನರಿಗೆ ಚಟವಾಯಿತು ಎಂಬುದು ಅವನು ಕೊಟ್ಟ ಕಾರಣ. ಎಲ್ಲ ಕಂಪನಿಗಳೂ ಹಾಗೆ ಮಾಡುತ್ತವೆ ಎಂದು ಕಾಯಬಾರದು. ದೊಡ್ಡ ಕಂಪನಿಗಳಿಗೆ ಮುಗಿಯದ ಆಟವೇ ಬಂಡವಾಳ.

ಮನೆಯವರ ಪಾಲು

ಆಟ ಬಿಡುತ್ತೇನೆ ಎಂದವನಿಗೆ ಮನೆಯಲ್ಲಿ ಮೊದಲು ಸಿಗುವುದು ನಗೆಚಾಟಿಕೆ. “ಎಷ್ಟ ದಿನಾ ಬಿಡತಿ ನೋಡೂಣು” ಎಂದು ಅಣಕಿಸಿದರೆ ಅವನು ಮತ್ತೆ ಫೋನಿನ ಕಡೆಗೇ ತಿರುಗುತ್ತಾನೆ, ಅಲ್ಲಿ ಅಣಕಿಸುವವರಿಲ್ಲ. ನಡುವೆ ಒಮ್ಮೆ ಜಾರಿ ಆಡಿದರೆ ಎಲ್ಲ ಮುಗಿಯಿತು ಎಂದು ತಿಳಿಯಬೇಕಿಲ್ಲ. ಯಾವ ಹೊತ್ತಿನಲ್ಲಿ, ಯಾವ ಬೇಸರಕ್ಕೆ ಕೈ ಫೋನಿಗೆ ಹೋಯಿತು ಎಂದು ಕೇಳಿದರೆ ಮುಂದಿನ ಸಲಕ್ಕೆ ದಾರಿ ಸಿಗುತ್ತದೆ.

ಕೈಮೀರಿದೆ ಎನಿಸಿದರೆ ನೆರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ನಮಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮ ರೂಪಿಸಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿಗೂ ಹೋಗಲು ಸಂಕೋಚವಿದ್ದರೆ 2022ರಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆಡುವವರೂ ಕರೆ ಮಾಡಬಹುದು, ಅವರ ಹೆಂಡತಿ, ತಾಯಿಯೂ ಮಾಡಬಹುದು.

ಬಿಡಬೇಕೆಂದು ಮನಸ್ಸು ಮಾಡಿದವರು ಆಟವನ್ನು ಶಪಿಸಬೇಕಾಗಿಲ್ಲ, ಕಳೆದ ವರ್ಷಗಳಿಗೆ ಅಳಬೇಕಾಗಿಯೂ ಇಲ್ಲ. ಚೆನ್ನಾಗಿ ಆಡಿದ್ದೀರಿ, ಗೆಳೆಯರನ್ನು ಮಾಡಿಕೊಂಡಿದ್ದೀರಿ, ಸಾಕು. ಈ ಆಟಗಳು ತಾವಾಗಿ ಮುಗಿಯುವುದಿಲ್ಲ. ಮಂಗಳವನ್ನು ಆಡುವವರೇ ಹಾಡಬೇಕು, ಹಾಡುವಾಗ ಮನೆಮಂದಿ ದನಿಗೂಡಿಸಬೇಕು.